ಕಸಕ್ಕೆ ದುಡ್ಡು ಕೊಡಬೇಕಾ? ಕೊಟ್ಟರೆ ಎಷ್ಟು, ಯಾರು?

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿ. ಡಾಂಬರು ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ ತೋಟದ ಮನೆ. ಪ್ರತಿ ವರ್ಷ ಮನೆ ಕಂದಾಯ ಕಟ್ಟುತ್ತೇವೆ. ಈಗ ಪಂಚಾಯಿತಿಯವರು ಕಸಕ್ಕೆ ಅಂತ ತಿಂಗಳಿಗೆ ಬೇರೆ 50 ರೂಪಾಯಿ ಕೇಳುತ್ತಿದ್ದಾರೆ. ನಮ್ಮ ಅಡುಗೆಮನೆಯ ಕಸವೆಲ್ಲ ಕಾಫಿ ಗಿಡದ ಬುಡಕ್ಕೇ ಹೋಗುತ್ತದೆ. ರಸ್ತೆ ಬದಿ ಬಾಟಲಿ, ಚಿಪ್ಸ್ ಪ್ಯಾಕೆಟ್ ಎಸೆಯುವವರು ಪ್ರವಾಸಿಗರು. ಹಾಗಿರುವಾಗ ನಾವೇಕೆ ಕೊಡಬೇಕು? ಕೊಟ್ಟರೂ ಕೆಲಸ ನಡೆಯುತ್ತದೆ ಅನ್ನುವ ಗ್ಯಾರಂಟಿ ಏನು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಕೊಡಿ. ಆದರೆ ಸುಮ್ನೆ ಕೊಡಬೇಡಿ. ಲೆಕ್ಕ ಕೇಳಿ, ರಸೀದಿ ಇಸಿದುಕೊಂಡು ಕೊಡಿ. ನಿಮ್ಮ 50 ರೂಪಾಯಿ ಒಂದರಿಂದಲೇ ಈ ಗಾಡಿ ಓಡುವುದಿಲ್ಲ ಅನ್ನುವುದನ್ನೂ ಗ್ರಾಮ ಸಭೆಯಲ್ಲಿ ಎದ್ದು ನಿಂತು ಹೇಳಿ. ಜಾಸ್ತಿ ಕಸ ಮಾಡುವವರು ಜಾಸ್ತಿ ಕೊಡಬೇಕು ಎಂಬ ನಿಮ್ಮ ಮಾತು ನೂರಕ್ಕೆ ನೂರು ಸರಿ. ನಿಮ್ಮ ಮನೆಯಲ್ಲಿ ಕಸವೇ ಇಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ, ಒಂದು ಪಂಚಾಯಿತಿಯ ಕಸ ವಿಂಗಡಿಸುವ ಶೆಡ್ಡಿನಲ್ಲಿ ಅರ್ಧ ದಿನ ಕೂತಿದ್ದೆ. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಒಂದೊಂದೇ ಚೀಲ ಬಿಚ್ಚಿ ನೆಲಕ್ಕೆ ಸುರಿಯುತ್ತಿದ್ದರು. ತೋಟದ ಮನೆಗಳಿಂದ ಬಂದ ಒಂದು ಗೊಬ್ಬರದ ಚೀಲದಲ್ಲಿ ಏನಿತ್ತು ಗೊತ್ತಾ? ಹಾಲಿನ ಕವರು, ಎಣ್ಣೆ ಪ್ಯಾಕೆಟ್ಟು, ಶಾಂಪೂ ಸ್ಯಾಷೆ, ಹರಿದ ಚಪ್ಪಲಿ, ಒಡೆದ ಬಲ್ಬು, ಮಾತ್ರೆಯ ಖಾಲಿ ಪಟ್ಟಿಗಳು, ಮದ್ಯದ ಟೆಟ್ರಾ ಪ್ಯಾಕೆಟ್ಟು, ಅರ್ಧ ಒದ್ದೆಯಾದ ಮಗುವಿನ ಡೈಪರ್. ತಳದಲ್ಲಿ ಕೀಟನಾಶಕದ ಒಂದು ಬಾಟಲಿ, ಮುಚ್ಚಳವೂ ಇರಲಿಲ್ಲ. ಅಡುಗೆಮನೆ ಕಸ ಒಂದು ಚೂರೂ ಇರಲಿಲ್ಲ, ನಿಜ. ಆ ಮನೆಯವರೂ ನಿಮ್ಮ ಹಾಗೆಯೇ ಹಸಿ ಕಸವನ್ನು ತೋಟಕ್ಕೆ ಹಾಕುವವರು. ಆದರೆ ಆ ಚೀಲದಲ್ಲಿ ಗುಜರಿಯವರು ದುಡ್ಡು ಕೊಟ್ಟು ಒಯ್ಯುವಂಥದ್ದು ಹಾಲಿನ ಕವರು ಬಿಟ್ಟರೆ ಏನೂ ಇರಲಿಲ್ಲ. ಉಳಿದದ್ದನ್ನು ತೆಗೆದುಕೊಂಡು ಹೋಗಲು ನಾವೇ ದುಡ್ಡು ಕೊಡಬೇಕು.

ಇಂಥ ಕಸ ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿತ್ತು? ನೀರೊಲೆಗೆ, ಇಲ್ಲವೇ ಕೊಲ್ಲಿಗೆ, ಅಂದರೆ ತೋಟದ ಅಂಚಿನ ತಗ್ಗಿನ ಹಳ್ಳಕ್ಕೆ. ಸ್ನಾನದ ಹಂಡೆಯ ಕೆಳಗೆ ಪ್ಲಾಸ್ಟಿಕ್ ಉರಿಸುವುದು ನಮ್ಮ ಕಡೆ ಎಷ್ಟೋ ಮನೆಗಳ ಅಭ್ಯಾಸ. ಆ ಹೊಗೆ ಮೊದಲು ಸೇರುವುದು ಒಲೆ ಮುಂದೆ ಕೂತವರ ಎದೆಗೆ. ಪಿವಿಸಿಯಂಥ ಪ್ಲಾಸ್ಟಿಕ್ ಹೀಗೆ ಅರೆಬರೆ ಬೆಂಕಿಯಲ್ಲಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕೊಲ್ಲಿಗೆ ಎಸೆದದ್ದು ಜೂನ್ ಮಳೆಗೆ ಹೊಳೆ ಸೇರುತ್ತದೆ, ಇಲ್ಲವೇ ಮೋರಿಗೆ ಸಿಕ್ಕಿಕೊಂಡು ರಸ್ತೆಯನ್ನೇ ಕೊರೆಯುತ್ತದೆ. ನಮ್ಮ ಜಿಲ್ಲೆಯ ಬಹುಪಾಲು ನೀರು ಕೊನೆಗೆ ಸೇರುವುದು ಕಾವೇರಿಯನ್ನೇ ಅಲ್ವಾ?

ಈಗ ಕಂದಾಯದ ಪ್ರಶ್ನೆಗೆ ಬರೋಣ. ಕಂದಾಯ ಬೇರೆ, ಶುಲ್ಕ ಬೇರೆ. ಕಂದಾಯ ಪಂಚಾಯಿತಿಯ ಸಾಮಾನ್ಯ ಖರ್ಚಿಗೆ ಹೋಗುತ್ತದೆ. ಅದರಲ್ಲಿ ಇಂತಿಷ್ಟು ಕಸಕ್ಕೆ ಎಂದು ಗೆರೆ ಎಳೆದಿರುವುದಿಲ್ಲ. ರಸೀದಿ ನೋಡಿದರೆ ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದೂ ಇರುತ್ತದೆ. ಆ ಕರಗಳ ದುಡ್ಡು ಪಂಚಾಯಿತಿಯಲ್ಲಿ ಉಳಿಯುವುದೇ ಇಲ್ಲ. ಶುಲ್ಕ ಹಾಗಲ್ಲ. ಅದು ಒಂದು ಸೇವೆಗೆ ಕೊಡುವ ದುಡ್ಡು, ಆ ಸೇವೆಗೇ ಖರ್ಚಾಗಬೇಕು. ಶುಲ್ಕ ಹಾಕುವ ಅಧಿಕಾರ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯಿಂದಲೇ ಬಂದಿದೆ. 2016ರ ಘನತ್ಯಾಜ್ಯ ನಿಯಮಗಳೂ ಬಳಕೆದಾರರ ಶುಲ್ಕದ ಬಗ್ಗೆ ಸ್ಪಷ್ಟವಾಗಿ ಹೇಳಿದ್ದವು. ಅದರ ಜಾಗಕ್ಕೆ ಬಂದ 2026ರ ನಿಯಮಗಳು ಆ ವರ್ಷ ಏಪ್ರಿಲ್ 1ರಿಂದ ಜಾರಿ. ಇದರಲ್ಲಿ ಕಸವನ್ನು ಹಸಿ, ಒಣ, ಸ್ಯಾನಿಟರಿ (ಪ್ಯಾಡು, ಡೈಪರ್), ವಿಶೇಷ ಜಾಗ್ರತೆಯ ಕಸ (ಬಲ್ಬು, ಔಷಧಿಯಂಥದ್ದು) ಎಂದು ನಾಲ್ಕು ಭಾಗ ಮಾಡಬೇಕು. ನಮ್ಮ ಜಿಲ್ಲೆಗೆ ಬಹಳ ಬೇಕಾದ ಇನ್ನೊಂದು ಮಾತೂ ಇದೆ: ಗುಡ್ಡಗಾಡು ಪ್ರದೇಶದ ಸ್ಥಳೀಯ ಸಂಸ್ಥೆಗಳು ಪ್ರವಾಸಿಗರಿಂದ ಬಳಕೆದಾರರ ಶುಲ್ಕ ವಸೂಲು ಮಾಡಬಹುದು. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

"ಸರ್ಕಾರ ಗಾಡಿ ಕೊಟ್ಟಿದೆ, ಶೆಡ್ ಕಟ್ಟಿಸಿದೆ, ಮತ್ತೆ ಯಾಕೆ ದುಡ್ಡು?" ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಸ್ವಚ್ಛ ಭಾರತ ಮಿಷನ್ನಿನ ಎರಡನೇ ಹಂತದಲ್ಲಿ ಘನತ್ಯಾಜ್ಯಕ್ಕೆ ನಿಗದಿ ಮಾಡಿದ್ದು 5,000 ಜನಸಂಖ್ಯೆಯವರೆಗಿನ ಹಳ್ಳಿಗೆ ತಲೆಗೆ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡದಕ್ಕೆ ತಲೆಗೆ 45 ರೂಪಾಯಿವರೆಗೆ. ಇದು ಪ್ರತಿ ತಿಂಗಳು ಬರುವ ದುಡ್ಡಲ್ಲ, ಒಂದು ಸಲ ವ್ಯವಸ್ಥೆ ಕಟ್ಟಿಕೊಳ್ಳಲು ಕೊಡುವುದು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30ರಷ್ಟನ್ನು ನೈರ್ಮಲ್ಯಕ್ಕೆ ಮೀಸಲಿಟ್ಟಿದ್ದರು. ಚರಂಡಿ, ಶೌಚಾಲಯ ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ಗಾಡಿ ಬರುತ್ತದೆ, ಡೀಸೆಲ್ ಬರುವುದಿಲ್ಲ. ಶೆಡ್ ಏಳುತ್ತದೆ, ಅದರೊಳಗೆ ಕೂತು ವಿಂಗಡಿಸುವವರಿಗೆ ಸಂಬಳ ಇರುವುದಿಲ್ಲ. ಬೀಗ ಬಿದ್ದ ಶೆಡ್ಡುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಒಂದರಲ್ಲಂತೂ ಹೊಸ ಗಾಡಿಯ ಟೈರಿನ ಸುತ್ತ ಹುಲ್ಲು ಬೆಳೆದು ನಿಂತಿತ್ತು. ಆ ಹೊತ್ತಿಗೆ ಅದೇ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಕಸ ಉರಿಯುತ್ತಿತ್ತು.

ತಿಂಗಳ ಖರ್ಚು ಎಷ್ಟಾಗುತ್ತದೆ? ಒಂದು ಮಾದರಿ ಲೆಕ್ಕ ಹಾಕೋಣ. ಇದು ಯಾವುದೇ ಒಂದು ಊರಿನದ್ದಲ್ಲ, ನೀವು ನಿಮ್ಮ ಪಂಚಾಯಿತಿಯ ಅಂಕಿ ಹಾಕಿಕೊಳ್ಳಿ. 1,000 ಮನೆ, 60 ಅಂಗಡಿ, 40 ಹೋಂಸ್ಟೇ ಇರುವ ಪಂಚಾಯಿತಿ ಅಂದುಕೊಳ್ಳಿ. ಸಂಜೀವಿನಿ ಒಕ್ಕೂಟದ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಒಬ್ಬರು ಗಾಡಿ ಓಡಿಸುತ್ತಾರೆ, ಮೂವರು ಕಸ ಎತ್ತಿ ವಿಂಗಡಿಸುತ್ತಾರೆ. ಅವರ ಸಂಬಳ 52,000. ಡೀಸೆಲ್‌ಗೆ 14,000. ರಿಪೇರಿ, ಟೈರು, ವಿಮೆಗೆ ಎತ್ತಿಡಬೇಕಾದದ್ದು 8,000. ಕೈಗವಸು, ಗಂಬೂಟು, ಚೀಲ, ಕರೆಂಟು ಸೇರಿ 4,000. ಗುಜರಿಗೆ ಹೋಗದ ಕಸವನ್ನು ಜಿಲ್ಲೆಯ ಆಚೆ ಸಾಗಿಸಲು 7,000. ಒಟ್ಟು 85,000 ರೂಪಾಯಿ.

ಎಲ್ಲ ಮನೆಯವರೂ ತಪ್ಪದೆ 50 ರೂಪಾಯಿ ಕೊಟ್ಟರೆ 50,000. ಶುರುವಿನಲ್ಲಿ ಎಲ್ಲರೂ ಕೊಡುವುದಿಲ್ಲ. ಹತ್ತರಲ್ಲಿ ಆರು ಮನೆಯವರು ಕೊಟ್ಟರು ಅಂದುಕೊಂಡರೆ 30,000. ಮನೆಗಳನ್ನಷ್ಟೇ ನಂಬಿಕೊಂಡ ಪಂಚಾಯಿತಿಯ ಗಾಡಿ ಮೂರನೇ ತಿಂಗಳಿಗೆ ನಿಲ್ಲುವುದು ಇದೇ ಕಾರಣಕ್ಕೆ. ಅಲ್ಲಿಗೆ ಜನ "ನೋಡಿ, ನಾವು ಅವತ್ತೇ ಹೇಳಲಿಲ್ವಾ?" ಅನ್ನುತ್ತಾರೆ. ಆಮೇಲೆ ದೇವರೇ ಬಂದು ಕೇಳಿದರೂ ಕೊಡುವುದಿಲ್ಲ.

ಅದೇ ಲೆಕ್ಕಕ್ಕೆ ಅಂಗಡಿಗೆ 150 ರೂಪಾಯಿಯಂತೆ 9,000 ಸೇರಿಸಿ. 40 ಹೋಂಸ್ಟೇಗಳಲ್ಲಿ ಸರಾಸರಿ ನಾಲ್ಕು ರೂಮು, ರೂಮಿಗೆ ತಿಂಗಳಿಗೆ 150 ಅಂದರೆ 24,000. ಗುಜರಿ ಮಾರಿ ಒಂದು 6,000. ಹತ್ತರಲ್ಲಿ ಆರು ಮನೆಗಳ ಲೆಕ್ಕದಲ್ಲೇ 69,000 ಆಯಿತು. ಉಳಿದ 16,000 ಪಂಚಾಯಿತಿ ತನ್ನ ನಿಧಿಯಿಂದ ಹಾಕಬಹುದು. ಮನೆಗಳ ವಸೂಲಿ ಏರಿದ ಹಾಗೆ ಅದೂ ಇಳಿಯುತ್ತದೆ. ರೂಮಿಗೆ ತಿಂಗಳಿಗೆ 150 ರೂಪಾಯಿ ಅಂದರೆ ದಿನಕ್ಕೆ 5 ರೂಪಾಯಿ. ಒಂದು ರಾತ್ರಿಗೆ ಸಾವಿರಗಟ್ಟಲೆ ಬಾಡಿಗೆ ತೆಗೆದುಕೊಳ್ಳುವವರಿಗೆ ಇದು ಭಾರ ಎಂದು ನನಗೆ ಅನ್ನಿಸುವುದಿಲ್ಲ.

ಗುಜರಿಯ ಬಗ್ಗೆ ಒಂದು ಮಾತು. "ಕಸದಿಂದ ರಸ" ಎಂದು ಭಾಷಣದಲ್ಲಿ ಕೇಳಲು ಚೆನ್ನಾಗಿರುತ್ತದೆ. ಆದರೆ ರಟ್ಟು, ನೀರಿನ ಬಾಟಲಿ, ಕಬ್ಬಿಣ, ಹಾಲಿನ ಕವರಿಗಷ್ಟೇ ಬೆಲೆ. ಅವೂ ಒಣಗಿರಬೇಕು, ಸ್ವಚ್ಛವಾಗಿರಬೇಕು. ಚಿಪ್ಸ್, ಬಿಸ್ಕೆಟ್ ಪ್ಯಾಕೆಟ್ಟಿನಂಥ ಹಲವು ಪದರದ ಪ್ಲಾಸ್ಟಿಕ್ಕನ್ನು ಯಾರೂ ಕೊಳ್ಳುವುದಿಲ್ಲ. ಅದನ್ನು ಒತ್ತಿ ಕಟ್ಟು ಕಟ್ಟಿ ಸಿಮೆಂಟ್ ಕಾರ್ಖಾನೆಗೆ ಕಳಿಸಬೇಕು. ಒತ್ತದೆ ಹಾಗೆಯೇ ಲಾರಿಗೆ ತುಂಬಿದರೆ ಗಾಳಿಯನ್ನು ಸಾಗಿಸಿದ ಹಾಗೆ. ಅದಕ್ಕೇ ಒತ್ತುವ ಯಂತ್ರ ಬೇಕು. ಪ್ರತಿ ಪಂಚಾಯಿತಿಗೂ ಒಂದೊಂದು ತಂದರೆ ದಂಡ. ತಾಲ್ಲೂಕಿಗೊಂದು ಪ್ಲಾಸ್ಟಿಕ್ ಘಟಕಕ್ಕೆ ಮಿಷನ್ನಿನ ಎರಡನೇ ಹಂತದಲ್ಲಿ 16 ಲಕ್ಷದವರೆಗೆ ಅವಕಾಶ ಇಟ್ಟಿದ್ದರು. ಉಡುಪಿ ಜಿಲ್ಲೆಯವರು ಕಾರ್ಕಳ ಹತ್ತಿರದ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯಿತಿಗಳ ಒಣ ಕಸಕ್ಕೆಲ್ಲ ಒಂದೇ ದೊಡ್ಡ ಘಟಕ ಮಾಡಿಕೊಂಡಿದ್ದಾರೆ. ನಮ್ಮ ಪಂಚಾಯಿತಿಗಳೂ ಸೇರಿಕೊಂಡು ಮಾಡಬೇಕಾದ ಕೆಲಸ ಇದು. ಆ ಪ್ಯಾಕೆಟ್ ಮಾಡಿದ ಕಂಪನಿಗೂ ಜವಾಬ್ದಾರಿ ಇದೆ. 2022ರಲ್ಲಿ ಬಂದ ಉತ್ಪಾದಕರ ಹೊಣೆಗಾರಿಕೆಯ ನಿಯಮದ ಪ್ರಕಾರ ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿನ ವಿಲೇವಾರಿ ಅವರದ್ದೇ. ಒಂದೊಂದು ಪಂಚಾಯಿತಿ ಒಂಟಿಯಾಗಿ ಹೋದರೆ ಅವರು ಕಿವಿಗೊಡುವುದು ಕಷ್ಟ. ತಾಲ್ಲೂಕು ಮಟ್ಟದಲ್ಲಿ ತೂಕದ ಚೀಟಿ ಇಟ್ಟುಕೊಂಡು ಮಾತಾಡಿದರೆ ಮಾತಿಗೆ ಬೆಲೆ ಬರುತ್ತದೆ.

"ಎಷ್ಟು ಕಸವೋ ಅಷ್ಟೇ ದುಡ್ಡು" ಮಾಡಿದರೆ ನ್ಯಾಯ ಅಲ್ವಾ ಎಂದು ನೀವು ಕೇಳಬಹುದು. ಕೇಳಲು ನ್ಯಾಯವೇ. ದಕ್ಷಿಣ ಕೊರಿಯಾದಲ್ಲಿ 1995ರಿಂದ ಇಡೀ ದೇಶದಲ್ಲಿ ಹಾಗೇ ನಡೆಯುತ್ತಿದೆ. ಕಸಕ್ಕೆ ಸರ್ಕಾರದ ಗುರುತಿನ ಚೀಲ ಕೊಳ್ಳಬೇಕು, ಚೀಲದ ಬೆಲೆಯಲ್ಲೇ ಶುಲ್ಕ ಸೇರಿರುತ್ತದೆ. ನಮ್ಮ ಮನೆಗಳಿಗೆ ಮಾತ್ರ ಇದು ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸಿಯೋಲಿನ ಅಪಾರ್ಟ್‌ಮೆಂಟಿನ ಹಿಂದೆ ಕೊಲ್ಲಿ ಇಲ್ಲ. ನಮ್ಮ ಪ್ರತಿ ತೋಟದ ಅಂಚಿಗೂ ಒಂದು ಕೊಲ್ಲಿ ಇದೆ. ಚೀಲಕ್ಕೆ 20 ರೂಪಾಯಿ ಅಂದರೆ ನಾಲ್ಕನೇ ಚೀಲ ಕತ್ತಲಾದ ಮೇಲೆ ಕೊಲ್ಲಿಗೆ ಹೋಗುತ್ತದೆ. ಮನೆಗಳಿಗೆ ತಿಂಗಳಿಗೆ ಒಂದೇ ದರ ಇರಬೇಕು. ಕೊಟ್ಟಾಗಿದೆ, ಇನ್ನು ಕಸ ಕೊಡದಿದ್ದರೆ ನನಗೇ ನಷ್ಟ ಅನ್ನಿಸಬೇಕು. ತೂಕದ ಲೆಕ್ಕ ರೆಸಾರ್ಟು, ದೊಡ್ಡ ಹೋಟೆಲು, ಕಲ್ಯಾಣ ಮಂಟಪಕ್ಕೆ ಸರಿ. ಅಲ್ಲಿ ಗೇಟು ಇದೆ, ತೂಗಲು ಜಾಗ ಇದೆ, ಬಿಲ್ಲು ಬರೆಯುವವರು ಇದ್ದಾರೆ. ದಿನಕ್ಕೆ 100 ಕೆ.ಜಿ. ಅಥವಾ ಅದಕ್ಕಿಂತ ಜಾಸ್ತಿ ಕಸ ಮಾಡುವವರನ್ನು 2026ರ ನಿಯಮಗಳು ದೊಡ್ಡ ಉತ್ಪಾದಕರು ಎಂದೇ ಕರೆಯುತ್ತವೆ. ತಮ್ಮ ಹಸಿ ಕಸವನ್ನು ಆದಷ್ಟು ತಮ್ಮ ಜಾಗದಲ್ಲೇ ಗೊಬ್ಬರ ಮಾಡುವುದು ಅವರ ಹೊಣೆ.

ಹಾಗೆಯೇ, ದುಡ್ಡು ಕೊಡದ ಮನೆಯ ಕಸ ಎತ್ತುವುದನ್ನು ನಿಲ್ಲಿಸಬಾರದು. ಕೆಲವು ಸದಸ್ಯರಿಗೆ ಈ ಮಾತು ಸಿಟ್ಟು ಬರಿಸುತ್ತದೆ, ಗೊತ್ತು. ಎತ್ತದಿದ್ದರೆ ಆ ಕಸ ಎಲ್ಲಿಗೆ ಹೋಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಕಸ ಎತ್ತಿ, ಬಾಕಿ ಬರೆದಿಡಿ, ವರ್ಷದ ಕೊನೆಗೆ ಕಂದಾಯದ ಜೊತೆ ಕೇಳಿ.

ಈ ವಿಷಯದಲ್ಲಿ ನಮಗೆ ಪಕ್ಕದಲ್ಲೇ ಪಾಠ ಇದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕೇರಳದ ಇರಿಟ್ಟಿ ಕಡೆ ಹೋದರೆ ಮನೆಗಳ ಗೋಡೆಗೆ ಕ್ಯೂಆರ್ ಕೋಡಿನ ಚೀಟಿ ಅಂಟಿಸಿರುವುದು ಕಾಣುತ್ತದೆ. ಅದು ಅಲ್ಲಿ ಮನೆಮನೆಯ ಒಣ ಕಸ ಎತ್ತುವ ಹರಿತ ಕರ್ಮ ಸೇನೆಯವರ ಗುರುತು. ಕುಡುಂಬಶ್ರೀ ಎಂಬ ಮಹಿಳಾ ಸಂಘಗಳ ಹೆಣ್ಣುಮಕ್ಕಳು ಮನೆಗೆ ಬಂದು ಒಣ ಪ್ಲಾಸ್ಟಿಕ್ ತೆಗೆದುಕೊಳ್ಳುತ್ತಾರೆ, ಕೋಡ್ ಸ್ಕ್ಯಾನ್ ಮಾಡುತ್ತಾರೆ, ಹಳ್ಳಿಯ ಮನೆಗೆ ತಿಂಗಳಿಗೆ 50 ರೂಪಾಯಿ ಇಸಿದುಕೊಳ್ಳುತ್ತಾರೆ. ಹಸಿ ಕಸಕ್ಕೆ ಅವರು ಕೈ ಹಾಕುವುದಿಲ್ಲ, ಅದು ಮನೆಯವರ ಹಿತ್ತಲಿನ ಕೆಲಸ. ಶುರುವಿನಲ್ಲಿ ಅಲ್ಲಿಯೂ ಜನ ಬಾಗಿಲಲ್ಲೇ ಜಗಳಕ್ಕೆ ನಿಂತಿದ್ದರು. ಆಮೇಲೆ ಬಾಕಿಯನ್ನು ಮನೆ ತೆರಿಗೆಯ ಬಾಕಿಯಂತೆ ವಸೂಲು ಮಾಡಲು ಕಾನೂನು ತಂದರು. ನಮ್ಮ ತೋಟದ ಮನೆಗಳಿಗೆ ಹೊಂದುವುದು ಇದೇ ದಾರಿ. ಹಸಿ ಕಸ ಮನೆಯಲ್ಲೇ ಉಳಿಯಲಿ, ಒಣ ಕಸಕ್ಕೆ ವಾರಕ್ಕೊಂದು ಗಾಡಿ ಬರಲಿ. ಪಟ್ಟಣದ ಹಾಗೆ ದಿನಾ ಗಾಡಿ ಓಡಿಸಿದರೆ ಡೀಸೆಲ್ಲಿಗೇ ದುಡ್ಡು ಸಾಲುವುದಿಲ್ಲ.

ತೋಟದ ಕಾರ್ಮಿಕರು ಇರುವ ಸಾಲು ಮನೆಗಳ, ಅಂದರೆ ಲೈನ್‌ಮನೆಗಳ ವಿಷಯ ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೆ ನಿಮ್ಮ ತೋಟದಲ್ಲೂ ಇರಬಹುದು. ಕುಯ್ಲಿನ ಹೊತ್ತಿಗೆ ಅಲ್ಲಿ ಜನ ಜಾಸ್ತಿ, ಕಸವೂ ಜಾಸ್ತಿ. ಆ ಕುಟುಂಬಗಳಿಂದ ತಲಾ 50 ರೂಪಾಯಿ ಕೀಳುವುದು ಸರಿಯಲ್ಲ. ಅವರಿಗೆ ಪಂಚಾಯಿತಿಯ ಕಂದಾಯ ರಸೀದಿಯೂ ಇಲ್ಲ, ನಾಳೆ ಬೇರೆ ತೋಟಕ್ಕೆ ಹೋಗುವವರು. ಲೈನಿನ ಲೆಕ್ಕ ಮಾಲೀಕರ ಹೆಸರಿಗೆ ಬರಬೇಕು. ನೀರು, ಕರೆಂಟು ಕೊಡುವ ಹಾಗೆಯೇ ಕಸದ ವ್ಯವಸ್ಥೆಯೂ ನಮ್ಮ ಹೊಣೆ ಎಂದು ತೋಟದವರು ಒಪ್ಪಿಕೊಳ್ಳಬೇಕು. ಲೈನಿನ ತುದಿಯಲ್ಲಿ ಮಾಡು ಇರುವ ಒಂದು ಕಟ್ಟೆ, ಮೂರು ಚೀಲ. ಇಷ್ಟಕ್ಕೆ ದೊಡ್ಡ ಖರ್ಚೇನೂ ಬರುವುದಿಲ್ಲ.

ಇನ್ನು ಪ್ರವಾಸಿಗರು. ಆನೆಚೌಕೂರು, ಕುಶಾಲನಗರ, ಸಂಪಾಜೆಯಲ್ಲಿ ಗೇಟು ಹಾಕಿ ಗಾಡಿಗೆ ಇಷ್ಟು ಎಂದು ವಸೂಲು ಮಾಡಿ ಎನ್ನುವವರು ಬಹಳ ಜನ. ನನಗೆ ಅದು ಇಷ್ಟವಿಲ್ಲ. ಮೈಸೂರಿನಿಂದ ಮಂಗಳೂರಿಗೆ ಹೋಗುವವರೂ ಅದೇ ರಸ್ತೆಯಲ್ಲಿ ಹೋಗುತ್ತಾರೆ, ಆಸ್ಪತ್ರೆಗೆ ಹೋಗುವ ನಮ್ಮವರೂ ಅದೇ ಸಾಲಿನಲ್ಲಿ ಕಾಯಬೇಕಾಗುತ್ತದೆ. ಗೇಟಿನಲ್ಲಿ ಎತ್ತಿದ ದುಡ್ಡು ನಿಮ್ಮ ಪಂಚಾಯಿತಿಯ ಡೀಸೆಲ್ಲಿಗೆ ಬಂದು ಸೇರುವುದೂ ಕಷ್ಟ. ದುಡ್ಡು ಎತ್ತಬೇಕಾದದ್ದು ಕಸ ಬೀಳುವ ಜಾಗದಲ್ಲಿ, ಅಂದರೆ ರೂಮಿನಲ್ಲಿ, ಟಿಕೆಟ್ ಕೌಂಟರಿನಲ್ಲಿ, ಪಾರ್ಕಿಂಗ್ ರಸೀದಿಯಲ್ಲಿ. ಅಬ್ಬಿ ಜಲಪಾತ, ದುಬಾರೆ, ನಿಸರ್ಗಧಾಮದಂಥ ಕಡೆ ಜನ ಹೇಗೂ ಎಲ್ಲೋ ಒಂದು ಕಡೆ ನಿಂತು ದುಡ್ಡು ಕೊಟ್ಟೇ ಕೊಡುತ್ತಾರೆ. ಅದರಲ್ಲಿ ಇಂತಿಷ್ಟು ಆ ಊರಿನ ಕಸಕ್ಕೆ ಎಂದು ಬರೆದು, ಆ ಊರಿನ ಪಂಚಾಯಿತಿಗೇ ಕೊಡಲಿ. ಹೋಂಸ್ಟೇಯವರ ಶುಲ್ಕವನ್ನು ಪರವಾನಗಿ ನವೀಕರಣದ ಜೊತೆ ಕಟ್ಟಿಸಿಕೊಂಡರೆ ಪ್ರತಿ ತಿಂಗಳು ಬೆನ್ನು ಹತ್ತುವ ಕೆಲಸ ತಪ್ಪುತ್ತದೆ. ನೋಂದಣಿ ಇಲ್ಲದೆ ನಡೆಸುವವರನ್ನೂ ಪಟ್ಟಿಗೆ ಸೇರಿಸಬೇಕು. ಕಸದ ಗಾಡಿಯವರಿಗೆ ಯಾವ ಮನೆಯಲ್ಲಿ ರೂಮು ಬಾಡಿಗೆಗೆ ಇದೆ ಎಂದು ಎರಡೇ ವಾರದಲ್ಲಿ ಗೊತ್ತಾಗುತ್ತದೆ, ಚೀಲದಲ್ಲಿರುವ ಬಿಸ್ಲೇರಿ ಬಾಟಲಿಗಳೇ ಹೇಳುತ್ತವೆ.

ಮದ್ಯದ ಬಾಟಲಿಗೆ ಬೇರೆ ಮದ್ದು ಬೇಕು. ತೋಟದ ಅಂಚಿನಲ್ಲಿ ಒಡೆದ ಗಾಜು ತುಳಿದು ಕಾಲು ಕೊಯ್ದುಕೊಂಡ ಕಾರ್ಮಿಕರನ್ನು ನೀವೂ ನೋಡಿರುತ್ತೀರಿ. ನೀಲಗಿರಿ ಜಿಲ್ಲೆಯಲ್ಲಿ 2022ರ ಮೇ ತಿಂಗಳಿಂದ ಪ್ರತಿ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್ ಕೊಡುತ್ತಾರೆ. ಮದ್ರಾಸ್ ಹೈಕೋರ್ಟು ಹೇಳಿ ಮಾಡಿಸಿದ್ದು. ಕುಡಿದವರು ಎಸೆದರೂ ಹತ್ತು ರೂಪಾಯಿಗೆ ಇನ್ನೊಬ್ಬರು ಹೆಕ್ಕುತ್ತಾರೆ. ಪಂಚಾಯಿತಿ ಮಟ್ಟದಲ್ಲಿ ಇದು ಆಗುವುದಿಲ್ಲ, ಸರ್ಕಾರವೇ ಮಾಡಬೇಕು. ಗ್ರಾಮ ಸಭೆಗಳಿಂದ ಠರಾವು ಹೋದರೆ ಕೇಳುವುದಕ್ಕೊಂದು ಆಧಾರ ಸಿಗುತ್ತದೆ.

ಗ್ಯಾರಂಟಿ ಏನು ಎಂದು ಕೇಳಿದಿರಿ. ಗ್ಯಾರಂಟಿಯನ್ನು ಯಾರೂ ತಂದು ಕೊಡುವುದಿಲ್ಲ, ನೀವೇ ಕೇಳಿ ಮಾಡಿಸಿಕೊಳ್ಳಬೇಕು. ಮುಂದಿನ ಗ್ರಾಮ ಸಭೆಗೆ ಹೋಗಿ. ಶುಲ್ಕದ ಬೈಲಾ ಓದಿ ಹೇಳಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ. ರೆಸಾರ್ಟಿಗೆ ಎಷ್ಟು, ಹೋಂಸ್ಟೇಗೆ ಎಷ್ಟು ಎಂದು ಅದರಲ್ಲಿ ಬರೆದಿಲ್ಲದಿದ್ದರೆ ಸೇರಿಸುವವರೆಗೆ ಬಿಡಬೇಡಿ. ಶುಲ್ಕದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಈ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಕೆ.ಜಿ. ಕಸ ಹೊರಗೆ ಹೋಯಿತು ಎಂದು ಪಂಚಾಯಿತಿ ಬಾಗಿಲ ಹತ್ತಿರದ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆಯಲಿ. ಹೀಗೆ ಬರೆಯುವ ಒಂದು ಪಂಚಾಯಿತಿಯಲ್ಲಿ ಕಂದಾಯ ಕಟ್ಟಲು ಬಂದವರು ಬೋರ್ಡಿನ ಮುಂದೆ ನಿಂತು ಓದಿ, "ಹೋದ ತಿಂಗಳಿಗಿಂತ ಡೀಸೆಲ್ ಯಾಕೆ ಜಾಸ್ತಿ?" ಎಂದು ಒಳಗೆ ಹೋಗಿ ಕೇಳುವುದನ್ನು ನಾನು ಕಂಡಿದ್ದೇನೆ. ಗಾಡಿ ಓಡಿಸುವ ಹುಡುಗಿ ಹೊರಗೆ ಬಂದು ಎರಡು ಹೊಸ ದಾರಿ ಸೇರಿಸಿದ್ದೇವೆ ಎಂದು ವಿವರಿಸಿದಳು. ಕೇಳಿದವರು ಅಲ್ಲೇ ಮೂರು ತಿಂಗಳ ಬಾಕಿ ಕಟ್ಟಿ ಹೋದರು.

ಆ ಹೆಣ್ಣುಮಕ್ಕಳ ಸಂಬಳ ತಿಂಗಳ ಮೊದಲ ವಾರದಲ್ಲೇ ಆಗುತ್ತಿದೆಯಾ ಎಂದೂ ತಪ್ಪದೆ ಕೇಳಿ. ವಸೂಲಾದಷ್ಟರಲ್ಲಿ ಹಂಚಿಕೊಳ್ಳಿ ಎಂದು ಅವರನ್ನು ಬಿಟ್ಟುಬಿಡುವ ಪದ್ಧತಿ ಕೆಲವು ಕಡೆ ಇದೆ. ಅದು ಅನ್ಯಾಯ. ಊರಿನ ಡೈಪರ್ ಬಿಡಿಸಿ ನೋಡುವವರು, ಅದರ ಮೇಲೆ ಮನೆ ಮನೆಗೆ ಹೋಗಿ ದುಡ್ಡಿಗೂ ಬೈಸಿಕೊಳ್ಳಬೇಕಾ? ಸಂಬಳ ಪಂಚಾಯಿತಿಯ ಹೊಣೆ, ವಸೂಲಿಯ ಏರುಪೇರು ಅವರ ಹೊಟ್ಟೆಗೆ ತಟ್ಟಬಾರದು.

ಗಾಡಿ ನಿಮ್ಮ ಮನೆಯವರೆಗೆ ಬರಲಿಕ್ಕಿಲ್ಲ. ಅರ್ಧ ಕಿಲೋಮೀಟರಿನ ತೋಟದ ದಾರಿ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಗೇಟಿನ ಹತ್ತಿರ ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಒಂದು ತಗಡಿನ ಮಾಡು ಮಾಡಿಕೊಳ್ಳಿ. ಕಸದ ಚೀಲ ನೆಲಕ್ಕೆ ತಾಗದ ಹಾಗೆ ಕೊಕ್ಕೆಗೆ ತೂಗುಹಾಕಿ, ಇಲ್ಲದಿದ್ದರೆ ನಾಯಿ, ಹಂದಿ ಎಳೆದಾಡುತ್ತವೆ. ಹಾಲಿನ ಕವರು, ಎಣ್ಣೆ ಪ್ಯಾಕೆಟ್ ತೊಳೆದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಹಾಕಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿಕೊಂಡರೆ ಒಣಗುವುದಿಲ್ಲ. ಪ್ಯಾಡು, ಡೈಪರ್ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆ ಚೀಲದಲ್ಲಿ ಕೊಡಿ. ಒಡೆದ ಗಾಜನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮೇಲೆ ಗಾಜು ಎಂದು ಬರೆಯಿರಿ. ಕೀಟನಾಶಕದ ಬಾಟಲಿಯನ್ನು ಯಾವ ಕಾರಣಕ್ಕೂ ಇವುಗಳ ಜೊತೆ ಹಾಕಬೇಡಿ. ಮುಚ್ಚಳ ಬಿಗಿದು ಬೇರೆಯಾಗಿ ಎತ್ತಿಡಿ, ಗಾಡಿ ಬಂದಾಗ ಇದು ವಿಷದ ಬಾಟಲಿ ಎಂದು ಬಾಯಿ ಬಿಟ್ಟು ಹೇಳಿ ಅವರ ಕೈಗೆ ಕೊಡಿ.